ಬಂಡೆ ಸದ್ದು ಮಾಡ್ತಿದೆ, ಏನು ಮಾಡಲಿ? ಆಳದ ಸುರಂಗದಲ್ಲಿ ಒತ್ತಡದ ಲಕ್ಷಣ ಗುರುತಿಸುವ ಕ್ರಮ

ಮೊದಲು ಇದನ್ನು ಓದಿಬಿಡಿ, ಉಳಿದದ್ದು ಆಮೇಲೆ. ಬ್ಲಾಸ್ಟಿಂಗ್ ಮುಗಿದು ತುಂಬಾ ಹೊತ್ತಾದರೂ ಬಂಡೆಯ ಚಟಪಟ ಸದ್ದು ಇಳಿಯುವ ಬದಲು ಏರುತ್ತಿದ್ದರೆ, ರಾಕ್ ಬೋಲ್ಟ್ (ಬಂಡೆಯೊಳಗೆ ಕೂರಿಸಿದ ಉಕ್ಕಿನ ಸರಳು) ತುಂಡಾದ ಸದ್ದು ಕೇಳಿದರೆ, ಸ್ಟೀಲ್ ರಿಬ್ (ಉಕ್ಕಿನ ಕಮಾನು) ಕಿರುಗುಟ್ಟಿದರೆ, ಶಾಟ್‌ಕ್ರೀಟ್ (ಗೋಡೆಗೆ ಸಿಂಪಡಿಸಿದ ಕಾಂಕ್ರೀಟ್) ಹಲಗೆ ಹಲಗೆಯಾಗಿ ಕಳಚಿ ಬಿದ್ದರೆ, ತಿಳಿಯಾಗಿ ಜಿನುಗುತ್ತಿದ್ದ ನೀರು ಇದ್ದಕ್ಕಿದ್ದ ಹಾಗೆ ಕೆಸರಾಗಿ ಬಂದರೆ, ಅಲ್ಲಿ ನಿಂತು ಪರೀಕ್ಷೆ ಮಾಡುವಂಥದ್ದು ಏನೂ ಇಲ್ಲ. ಎಲ್ಲರನ್ನೂ ಕರೆದುಕೊಂಡು ಹೊರಗೆ ಬನ್ನಿ. ಡ್ರಿಲ್ ಮಷೀನು, ಫೋನು, ಊಟದ ಡಬ್ಬಿ, ಯಾವುದಕ್ಕೂ ವಾಪಸ್ ಹೋಗಬೇಡಿ. ಲೆಕ್ಕ ಹಾಕಿ, ಒಳಗೆ ಹೋದವರೆಲ್ಲ ಹೊರಗೆ ಬಂದರಾ ನೋಡಿ. ದಾರಿಗೆ ಅಡ್ಡ ಹಗ್ಗ ಕಟ್ಟಿ. ಆಮೇಲೆ ತಜ್ಞರಿಗೆ ಫೋನ್ ಮಾಡಿ.

ಇಷ್ಟು ಕೆಟ್ಟ ಸ್ಥಿತಿಗೆ ಹೋಗುವ ಮುಂಚೆ ಬಂಡೆ ಬಹಳ ಸಲ ಸುಳಿವು ಕೊಡುತ್ತದೆ. ಆ ಸುಳಿವನ್ನು ಓದುವುದು ಹೇಗೆ ಅಂತ ಶಿಫ್ಟ್ ನೋಡಿಕೊಳ್ಳುವ ಫೋರ್‌ಮನ್‌ಗಳಿಗೆ, ಸರ್ವೇಯರ್‌ಗಳಿಗೆ, ಹೊಸದಾಗಿ ಸೈಟಿಗೆ ಬಂದ ಜಿಯಾಲಜಿಸ್ಟ್‌ಗಳಿಗೆ ಬರೆಯುತ್ತಿದ್ದೇನೆ. ಸುರಂಗದ ಗೋಡೆ ಎಷ್ಟು ಸರಿಯಿತು ಅಂತ ಅಳೆಯುವುದೇ ನನ್ನ ಕೆಲಸ. ಈ ಕೆಲಸದಲ್ಲಿ ನಾನು ಕಲಿತದ್ದು ಒಂದೇ: ಎಷ್ಟು ಸರಿಯಿತು ಅನ್ನುವುದಕ್ಕಿಂತ ಎಷ್ಟು ಬೇಗ ಸರಿಯುತ್ತಿದೆ ಅನ್ನುವುದು ಮುಖ್ಯ.

ಒತ್ತಡ ಎಲ್ಲಿಂದ ಬರುತ್ತದೆ

ಮೇಲಿರುವ ಬಂಡೆಯ ಭಾರ ಪ್ರತಿ 1,000 ಮೀಟರ್ ಆಳಕ್ಕೆ ಸುಮಾರು 27 ಮೆಗಾಪಾಸ್ಕಲ್ ಒತ್ತಡ ಹಾಕುತ್ತದೆ. ಅಂದರೆ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಐದು ಮೂಟೆಗಿಂತ ಜಾಸ್ತಿ ಅಕ್ಕಿ ಹೇರಿದ ಹಾಗೆ. ಕೋಲಾರದ ಚಿನ್ನದ ಗಣಿಯಲ್ಲಿ, ಚಾಂಪಿಯನ್ ರೀಫ್ ಕಡೆ, ಸುಮಾರು 3.2 ಕಿಲೋಮೀಟರ್ ಆಳಕ್ಕೆ ಹೋಗಿದ್ದರು. ಲೆಕ್ಕ ನೀವೇ ಹಾಕಿ. ಅಲ್ಲಿ ಬಂಡೆ ಸಿಡಿಯುವುದನ್ನು ಹಳಬರು ಏರ್ ಬ್ಲಾಸ್ಟ್ ಅಂತ ಕರೆಯುತ್ತಿದ್ದರು. ನೂರು ವರ್ಷಕ್ಕೂ ಹಿಂದಿನ ಮಾತು ಅದು.

ತೂತು ಕೊರೆದ ತಕ್ಷಣ ಆ ಜಾಗ ಹೊತ್ತಿದ್ದ ಭಾರ ಪಕ್ಕಕ್ಕೆ ಸರಿಯುತ್ತದೆ, ಹೊಳೆ ನಡುವೆ ಕಂಬ ನೆಟ್ಟರೆ ನೀರು ಎರಡೂ ಪಕ್ಕ ಹರಿಯುತ್ತದಲ್ಲ, ಹಾಗೆ. ಹಾಗಾಗಿ ಗೋಡೆಯ ಅಂಚಿನಲ್ಲಿ ಒತ್ತಡ ದಟ್ಟವಾಗುತ್ತದೆ. ಎಲ್ಲ ದಿಕ್ಕಿನಿಂದ ಒತ್ತಡ ಸಮ ಇದ್ದರೆ ದುಂಡನೆ ಸುರಂಗದ ಅಂಚಿನಲ್ಲಿ ಅದು ಎರಡು ಪಟ್ಟಾಗುತ್ತದೆ. ಸಮ ಇಲ್ಲದಿದ್ದರೆ ಕೆಲವು ಜಾಗದಲ್ಲಿ ಇನ್ನೂ ಜಾಸ್ತಿ. ಬಿರುಕಿಲ್ಲದ ಗಟ್ಟಿ ಬಂಡೆಯೂ ಲ್ಯಾಬಿನಲ್ಲಿ ತೋರಿಸಿದ ಬಲದ ಸುಮಾರು ನೂರಕ್ಕೆ 40ರಷ್ಟು ಒತ್ತಡಕ್ಕೇ ಗೋಡೆಯಲ್ಲಿ ಚಕ್ಕೆ ಏಳಲು ಶುರು ಮಾಡುತ್ತದೆ. ಲ್ಯಾಬಿನಲ್ಲಿ 200 ಮೆಗಾಪಾಸ್ಕಲ್ ತಡೆದ ಬಂಡೆ, 1,500 ಮೀಟರ್ ಆಳ: ಮೇಲಿನ ಭಾರ 40, ಅಂಚಿನಲ್ಲಿ 80. ಆಗಲೇ ಗಡಿ ಮುಟ್ಟಿತು. ಲ್ಯಾಬ್ ರಿಪೋರ್ಟಿನಲ್ಲಿ ದೊಡ್ಡ ನಂಬರ್ ಇದೆ ಅಂತ ನಿಶ್ಚಿಂತೆಯಿಂದ ಇರಬೇಡಿ.

ಇನ್ನೊಂದು ವಿಷಯ ಈಗಲೇ ತಲೆಯಲ್ಲಿಟ್ಟುಕೊಳ್ಳಿ. ಗಟ್ಟಿ ಬಂಡೆ ತಡೆದು ತಡೆದು ಒಮ್ಮೆಲೇ ಸಿಡಿಯುತ್ತದೆ. ಮೆತ್ತನೆ ಬಂಡೆ, ಫಿಲೈಟ್ ಅಥವಾ ಪುಡಿಯಾದ ಶಿಸ್ಟ್‌ನಂಥದ್ದು, ಸಿಡಿಯುವುದಿಲ್ಲ, ನಿಧಾನವಾಗಿ ಒಳಗೆ ನುಗ್ಗುತ್ತದೆ. ಕೆಳಗಿನ ಲಕ್ಷಣಗಳಲ್ಲಿ ಸದ್ದು ಮತ್ತು ಚಕ್ಕೆ ಗಟ್ಟಿ ಬಂಡೆಯದ್ದು. ನೆಲ ಉಬ್ಬುವುದು, ರಿಬ್ ತಿರುಚುವುದು ಮೆತ್ತನೆಯದರದ್ದು. ನಿಮ್ಮದು ಯಾವುದು ಅಂತ ಗೊತ್ತಿಲ್ಲದೆ ಮದ್ದು ಮಾಡಲು ಆಗುವುದಿಲ್ಲ.

"ಬಂಡೆ ಚಟಪಟ ಅಂತಿದೆ"

ಇದಕ್ಕೆ ಬೇಕಾದ್ದು ಕಿವಿ ಮಾತ್ರ. ದುಡ್ಡು ಬೇಡ. ಫ್ಯಾನ್ ನಿಲ್ಲಿಸಬೇಡಿ, ಗಾಳಿ ಬೇಕು. ಡ್ರಿಲ್ ಮಾತ್ರ ಐದು ನಿಮಿಷ ನಿಲ್ಲಿಸಿ, ಬೋಲ್ಟ್ ಹಾಕಿದ ಜಾಗದಲ್ಲೇ ನಿಂತು ಕೇಳಿ.

ಒಗ್ಗರಣೆಗೆ ಹಾಕಿದ ಸಾಸಿವೆ ಸಿಡಿದ ಹಾಗೆ ಸಣ್ಣ ಸದ್ದು ಬರುತ್ತಿದ್ದರೆ ಗೋಡೆಯ ಮೇಲ್ಪದರದಲ್ಲಿ ಹೊಸ ಬಿರುಕುಗಳು ಹುಟ್ಟುತ್ತಿವೆ ಅಂತ ಅರ್ಥ. ಬ್ಲಾಸ್ಟಿಂಗ್ ಆದ ಮೇಲೆ ಸ್ವಲ್ಪ ಹೊತ್ತು ಇದು ಸಹಜ. ಬಂಡೆ ಹೊಸ ಆಕಾರಕ್ಕೆ ಹೊಂದಿಕೊಳ್ಳುತ್ತಿದೆ. ಗಂಟೆ ಗಂಟೆಗೂ ಕಡಿಮೆ ಆಗುತ್ತಾ ಹೋಗಬೇಕು. ನಿಮಿಷಕ್ಕೆ ಎಷ್ಟು ಅಂತ ಎಣಿಸಿ, ಶಿಫ್ಟ್ ಪುಸ್ತಕದಲ್ಲಿ ಹೊತ್ತು ಹಾಕಿ ಬರೆಯಿರಿ. ಸುಮ್ನೆ "ಸದ್ದು ಇತ್ತು" ಅಂತ ಬರೆದರೆ ಮುಂದಿನ ಶಿಫ್ಟಿನವರಿಗೆ ಏನೂ ತಿಳಿಯುವುದಿಲ್ಲ. ಎರಡು ಗಂಟೆಗೆ ನಿಮಿಷಕ್ಕೆ ಹತ್ತು, ನಾಲ್ಕಕ್ಕೆ ಮೂರು ಅಂತಿದ್ದರೆ ಅವರಿಗೆ ಅದರಿಂದ ಪ್ರಯೋಜನವಿದೆ.

ಸದ್ದಿನ ಧಾಟಿ ಬದಲಾದರೆ ಎಚ್ಚರ. ಸಾಸಿವೆಯ ಸದ್ದು ಹೋಗಿ ಒಣ ಕಟ್ಟಿಗೆ ಸೀಳಿದ ಹಾಗೆ, ಆಮೇಲೆ ದೂರದಲ್ಲಿ ಗುಡುಗಿದ ಹಾಗೆ, ಕಾಲ ಕೆಳಗೆ ನಡುಕ ಗೊತ್ತಾಗುವ ಹಾಗೆ ಬಂದರೆ ಬಿರುಕು ಮೇಲ್ಪದರದಲ್ಲಿ ಇಲ್ಲ, ಒಳಗೆ ಹೋಗಿದೆ. ಹೊರಗೆ ಬನ್ನಿ.

ಇನ್ನೊಂದು ಸೂಕ್ಷ್ಮ ಇದೆ. ಜೋರಾಗಿ ಸದ್ದು ಮಾಡುತ್ತಿದ್ದ ಬಂಡೆ ತಟ್ಟನೆ ಪೂರ್ತಿ ಮೌನವಾದರೆ ಅದನ್ನು ಒಳ್ಳೆಯ ಸುದ್ದಿ ಅಂತ ತಿಳಿಯಬೇಡಿ. ನಿಧಾನವಾಗಿ ಇಳಿದ ಸದ್ದು ಬೇರೆ, ಕತ್ತರಿಸಿದ ಹಾಗೆ ನಿಂತ ಸದ್ದು ಬೇರೆ. ಎರಡನೆಯದಾದರೆ ಕಾಯಿರಿ, ಒಳಗೆ ಹೋಗಬೇಡಿ.

"ಹಾರೆಯಲ್ಲಿ ತಟ್ಟಿದರೆ ಟೊಳ್ಳು ಸದ್ದು ಬರ್ತಿದೆ"

ಸಂತೆಯಲ್ಲಿ ಮಡಕೆ ಕೊಳ್ಳುವಾಗ ಬೆರಳಲ್ಲಿ ತಟ್ಟಿ ನೋಡುತ್ತೀವಲ್ಲ, ಅದೇ ವಿದ್ಯೆ. ಟಣ್ ಅಂದರೆ ಬಂಡೆ ಹಿಂದಿನ ಬಂಡೆಗೆ ಕೂಡಿಕೊಂಡಿದೆ. ಬೊದ್ ಅಂದರೆ ಪದರ ಬಿಟ್ಟಿದೆ. ತಟ್ಟುವಾಗ ಇನ್ನೊಂದು ಕೈಯನ್ನು ಪಕ್ಕದ ಬಂಡೆ ಮೇಲೆ ಇಟ್ಟರೆ ಸದ್ದಿಗಿಂತ ಮುಂಚೆ ಬೆರಳಿಗೆ ನಡುಕ ಗೊತ್ತಾಗುತ್ತದೆ. ಫ್ಯಾನ್ ಗದ್ದಲದಲ್ಲಿ ಇದು ಕಿವಿಗಿಂತ ನಂಬಿಕಸ್ಥ. ಕೈಯೆತ್ತರದ ಗೋಡೆಯಲ್ಲಿ ಮಾತ್ರ, ಸೂರಿನಲ್ಲಿ ಬೇಡ.

ಇಲ್ಲಿ ಜೀವ ಹೋಗುವುದು ಪರೀಕ್ಷೆ ಮಾಡುವಾಗಲೇ, ಅದಕ್ಕೇ ಕ್ರಮ ತಪ್ಪಬಾರದು. ಬೋಲ್ಟ್ ಹಾಕಿದ ಕಡೆಯಿಂದ ಶುರು ಮಾಡಿ ಹಾಕದ ಕಡೆಗೆ ಹೋಗಿ, ಉಲ್ಟಾ ಅಲ್ಲ. ಹಾರೆಯನ್ನು ಓರೆಯಾಗಿ, ಮೈಯ ಪಕ್ಕಕ್ಕೆ ಹಿಡಿಯಿರಿ. ಎದೆಗೆ ಅಥವಾ ಹೊಟ್ಟೆಗೆ ನೇರ ಹಿಡಿದರೆ ಬಿದ್ದ ಕಲ್ಲು ಹಾರೆಯ ಮೇಲೆ ಜಾರಿ ನಿಮ್ಮ ಮೇಲೇ ಬರುತ್ತದೆ. ಹಿಂದೆ ಸರಿಯುವ ದಾರಿ ಖಾಲಿ ಇರಲಿ. ಒಬ್ಬರು ತಟ್ಟುವಾಗ ಇನ್ನೊಬ್ಬರು ಲೈಟ್ ಹಿಡಿದು ಸೂರು ನೋಡುತ್ತಿರಬೇಕು. ಒಬ್ಬರೇ ಮಾಡಬೇಡಿ. ಸದ್ದು ಬರುವ ಬಂಡೆಗೆ, ಅಂದರೆ ಹಿಂದಿನ ಲಕ್ಷಣ ಇರುವ ಜಾಗಕ್ಕೆ, ಕೈ ಹಾರೆ ಬೇಡವೇ ಬೇಡ. ಕ್ಯಾಬಿನ್ ಇರುವ ಮಷೀನಿನಲ್ಲಿ ಸ್ಕೇಲಿಂಗ್ ಮಾಡಿ, ಅಂದರೆ ಸಡಿಲ ಕಲ್ಲು ಕೆಡವಿ.

ಟೊಳ್ಳು ಒಂದು ಚಾಪೆಯಷ್ಟು ಜಾಗದಲ್ಲಿದ್ದರೆ ಕೆಡವಿ ಬೋಲ್ಟ್ ಹಾಕಬಹುದು. ಕೆಡವಿದ ಮೇಲೂ ಹಿಂದಿನ ಪದರ ಮತ್ತೆ ಬೊದ್ ಅಂದರೆ, ಕೆಡವಿದಷ್ಟೂ ಹೊಸ ಟೊಳ್ಳು ಬರುತ್ತಾ ಇದ್ದರೆ, ನಿಲ್ಲಿಸಿ. ಅದು ಸಡಿಲ ಕಲ್ಲಿನ ಸಮಸ್ಯೆ ಅಲ್ಲ, ಒತ್ತಡದ ಸಮಸ್ಯೆ.

"ಗೋಡೆಯಿಂದ ಚಕ್ಕೆ ಏಳುತ್ತಿದೆ"

ಈರುಳ್ಳಿ ಸಿಪ್ಪೆ ಥರ ಗೋಡೆಗೆ ಸಮಾನಾಂತರವಾಗಿ, ಅಂಚು ಚೂಪಾದ ತೆಳು ಚಕ್ಕೆ ಏಳುತ್ತಿದ್ದರೆ ಅದು ಬ್ಲಾಸ್ಟಿಂಗ್ ಗಾಯ ಅಲ್ಲ. ಬ್ಲಾಸ್ಟಿಂಗ್‌ನಿಂದ ಒಡೆದದ್ದು ಹೇಗೆಂದರೆ ಹಾಗೆ ಒಡೆದಿರುತ್ತದೆ, ಡ್ರಿಲ್ ತೂತಿನ ಸುತ್ತ ಜಾಸ್ತಿ ಇರುತ್ತದೆ, ಮತ್ತು ಅಲ್ಲಿಗೇ ನಿಲ್ಲುತ್ತದೆ. ಒತ್ತಡದ ಚಕ್ಕೆ ಮಾರನೇ ದಿನವೂ ಏಳುತ್ತದೆ.

ಎಲ್ಲಿ ಏಳುತ್ತಿದೆ ಅಂತ ನೋಡಿ, ಇದು ಬಿಟ್ಟಿ ಸಿಗುವ ಮಾಹಿತಿ. ಎರಡೂ ಪಕ್ಕದ ಗೋಡೆಯಲ್ಲಿ ಎದ್ದರೆ ಮೇಲಿನಿಂದ ಬರುವ ಒತ್ತಡ ಜಾಸ್ತಿ. ಸೂರಿನಲ್ಲೂ ನೆಲದಲ್ಲೂ ಎದ್ದರೆ ಅಡ್ಡ ಒತ್ತಡ ಜಾಸ್ತಿ. ಒಂದು ಭುಜದಲ್ಲಿ, ಅಂದರೆ ಗೋಡೆ ಸೂರಿನ ಕಡೆ ತಿರುಗುವ ಜಾಗದಲ್ಲಿ, ಮತ್ತು ಅದರ ಎದುರು ಮೂಲೆಯಲ್ಲಿ ಎದ್ದರೆ ಒತ್ತಡ ಓರೆಯಾಗಿದೆ. ಹಿಮಾಲಯದ ಕಣಿವೆಗಳ ಪಕ್ಕದಲ್ಲಿ ಹೋಗುವ ಸುರಂಗಗಳಲ್ಲಿ ಈ ಓರೆ ಒತ್ತಡ ಸಾಮಾನ್ಯ, ಯಾಕೆಂದರೆ ಒಂದು ಪಕ್ಕ ಬೆಟ್ಟ, ಇನ್ನೊಂದು ಪಕ್ಕ ಖಾಲಿ. ಕಾಗದದ ಮೇಲೆ ಸುರಂಗದ ಅಡ್ಡ ಚಿತ್ರ ಬರೆದು ಚಕ್ಕೆ ಬಿದ್ದ ಜಾಗಕ್ಕೆ ಗುರುತು ಹಾಕಿ. ಐದಾರು ಕಡೆಯ ಚಿತ್ರ ಒಟ್ಟಿಗೆ ಇಟ್ಟರೆ ಲಕ್ಷಗಟ್ಟಲೆ ಖರ್ಚಿನ ಪರೀಕ್ಷೆ ಹೇಳುವ ಅರ್ಧ ಉತ್ತರ ಸಿಕ್ಕಿಬಿಡುತ್ತದೆ.

ಚಕ್ಕೆ ಬಿದ್ದ ಗುಂಡಿಯ ಆಳವನ್ನೂ ವಾರಕ್ಕೆರಡು ಸಲ ಅಳೆಯಿರಿ. ಆಳ ಒಂದು ಮಟ್ಟಕ್ಕೆ ನಿಂತರೆ ಬಂಡೆ ತನ್ನ ಆಕಾರ ಹುಡುಕಿಕೊಂಡಿದೆ. ಏರುತ್ತಲೇ ಇದ್ದರೆ ಬೋಲ್ಟಿನ ಉದ್ದ ಸಾಲದೇ ಹೋಗುವ ದಿನ ಬರುತ್ತದೆ. ಗುಂಡಿಯ ಆಚೆಗಿನ ಗಟ್ಟಿ ಬಂಡೆಯಲ್ಲಿ ಬೋಲ್ಟ್ ಒಂದು ಮೀಟರ್ ಆದರೂ ಹಿಡಿದಿರಬೇಕು ಅನ್ನುವುದು ನಾವು ಪಾಲಿಸುತ್ತಿದ್ದ ಲೆಕ್ಕ. ನಿಮ್ಮ ಡಿಸೈನ್‌ನವರು ಹೇಳಿದ್ದೇ ಕೊನೆ ಮಾತು.

ಚಕ್ಕೆ ಬೀಳುವುದು ಬೇರೆ, ಹಾರುವುದು ಬೇರೆ. ಗೋಡೆಯಿಂದ ಒಂದೆರಡು ಮೀಟರ್ ದೂರ ಕಲ್ಲು ಹಾರಿ ಬಂದಿದ್ದರೆ ಅದು ಸಣ್ಣ ಗಾತ್ರದ ಸಿಡಿತವೇ. ಚೀನಾದ ಜಿನ್‌ಪಿಂಗ್ ಜಲವಿದ್ಯುತ್ ಯೋಜನೆಯ ಸುರಂಗಗಳ ಮೇಲೆ 2,500 ಮೀಟರ್‌ವರೆಗೆ ಬೆಟ್ಟ ಇದೆ. ಅಲ್ಲಿ 2009ರ ನವೆಂಬರ್ 28ರಂದು ಬಂಡೆ ಸಿಡಿದು ಏಳು ಜನ ಸತ್ತರು. ಕೊರೆಯುವ ದೊಡ್ಡ ಯಂತ್ರ ಹೂತುಹೋಯಿತು. ಹಾರಿದ ಚಕ್ಕೆ ಎಷ್ಟೇ ಚಿಕ್ಕದಿರಲಿ, ಕೆಲಸ ನಿಲ್ಲಿಸಿ ರಾಕ್ ಮೆಕ್ಯಾನಿಕ್ಸ್ ತಿಳಿದವರನ್ನು ಕರೆಯಿರಿ.

"ಶಾಟ್‌ಕ್ರೀಟಿನಲ್ಲಿ ಬಿರುಕು ಬಿಟ್ಟಿದೆ"

ಎಲ್ಲ ಬಿರುಕೂ ಅಪಾಯ ಅಲ್ಲ. ಹಾಕಿದ ಮೊದಲ ದಿನಗಳಲ್ಲಿ ಒಣಗುವಾಗ ಕೂದಲೆಳೆ ಬಿರುಕು ಬರುತ್ತದೆ, ದಿಕ್ಕು ದೆಸೆ ಇಲ್ಲದೆ, ಕೆರೆ ಒಣಗಿದಾಗ ಮಣ್ಣು ಬಿರಿದ ಹಾಗೆ. ಅದನ್ನು ಬಿಡಿ. ಸುರಂಗದ ಉದ್ದಕ್ಕೆ ನೇರವಾಗಿ ಓಡುವ ಬಿರುಕು, ಒಂದು ತುಟಿ ಇನ್ನೊಂದರ ಮೇಲೆ ಹತ್ತಿದ ಬಿರುಕು, ಬೆರಳು ಸವರಿದರೆ ಮೆಟ್ಟಿಲಿನ ಹಾಗೆ ತಗಲುವ ಬಿರುಕು, ಇವು ಒತ್ತಡದ್ದು.

ಬಿರುಕಿನ ಎರಡೂ ತುದಿಗೆ ಸ್ಪ್ರೇ ಬಣ್ಣದಲ್ಲಿ ಗೆರೆ ಹಾಕಿ, ದಿನಾಂಕ ಬರೆಯಿರಿ. ನಡುವೆ ಒಂದು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿ, ಎರಡೂ ತುದಿ ಸಿಮೆಂಟ್ ಅಥವಾ ಎಪಾಕ್ಸಿಯಲ್ಲಿ ಅಂಟಿಸಿ ಕೂರಿಸಿ. ಕಿಟಕಿ ಗಾಜಿನ ತುಂಡು ಸಾಕು. ಗಾಜು ಹಿಗ್ಗುವುದಿಲ್ಲ, ಬಾಗುವುದಿಲ್ಲ. ಬಂಡೆ ಒಂದಿಷ್ಟು ಸರಿದರೂ ಒಡೆಯುತ್ತದೆ.

ಹಿಮಾಲಯದ ಒಂದು ಜಲವಿದ್ಯುತ್ ಸುರಂಗದಲ್ಲಿ ನಡೆದದ್ದು ಹೇಳುತ್ತೇನೆ. ರಾತ್ರಿ ಪಾಳಿ. ಬಲಭುಜದ ಬಿರುಕಿನ ಮೇಲೆ ಕೂರಿಸಿದ್ದ ಗಾಜು ನಡು ಮಧ್ಯೆ ಒಡೆದಿತ್ತು. ಯಾರೋ ಪೈಪ್ ಸಾಗಿಸುವಾಗ ತಗುಲಿಸಿರಬೇಕು ಅಂತ ಫೋರ್‌ಮನ್ ಅಂದರು. ಇರಬಹುದು. ಆದರೆ ಟಾರ್ಚ್ ಹತ್ತಿರ ಹಿಡಿದು ನೋಡಿದರೆ ಪೆಟ್ಟು ಬಿದ್ದ ಗಾಜಿನ ಹಾಗೆ ನಕ್ಷತ್ರದ ಗುರುತು ಇರಲಿಲ್ಲ. ಅಡ್ಡಲಾಗಿ ಒಂದೇ ಗೆರೆ, ನೂಲು ಹಿಡಿದು ಕೊಯ್ದ ಹಾಗೆ. ಪಕ್ಕದಲ್ಲೇ ಹೊಸ ಗಾಜು ಅಂಟಿಸಿದೆವು. ಬೇಗ ಒಣಗುವ ಎಪಾಕ್ಸಿ. ನಾಲ್ಕು ಗಂಟೆ ಕಳೆದು ಹೋಗಿ ನೋಡಿದಾಗ ಅದೂ ಒಡೆದಿತ್ತು, ಅದೇ ಥರ. ಆಗ ಟೇಪ್ ಹಿಡಿದು ಅಳೆದೆವು. ಹಿಂದಿನ ವಾರವೆಲ್ಲ ದಿನಕ್ಕೆ ಅರ್ಧ ಮಿಲಿಮೀಟರ್ ಸರಿಯುತ್ತಿದ್ದ ಗೋಡೆ ಆ ಒಂದೇ ಪಾಳಿಯಲ್ಲಿ ಮೂರು ಮಿಲಿಮೀಟರ್ ಸರಿದಿತ್ತು. "ಸಾರ್, ಎಲ್ಲರನ್ನೂ ಹೊರಗೆ ಕರೀರಿ" ಅಂದೆ. ಫೋರ್‌ಮನ್ ಮರುಮಾತಾಡಲಿಲ್ಲ. ಬೆಳಿಗ್ಗೆ ಏಳರ ಹೊತ್ತಿಗೆ ಎರಡು ರಿಬ್ ತಿರುಚಿಕೊಂಡಿದ್ದವು, ಎತ್ತಿನ ಗಾಡಿಯಷ್ಟು ಶಾಟ್‌ಕ್ರೀಟ್ ನೆಲದ ಮೇಲಿತ್ತು. ರಾತ್ರಿ ಹನ್ನೊಂದು ಜನ ಅಲ್ಲೇ ಕೆಲಸ ಮಾಡುತ್ತಿದ್ದರು.

"ಬೋಲ್ಟಿನ ಪ್ಲೇಟ್ ಬಾಗಿದೆ, ಮೆಶ್ ಹೊಟ್ಟೆ ಬಿಟ್ಟಿದೆ"

ಪ್ಲೇಟ್ ಒಂದಿಷ್ಟು ತಟ್ಟೆಯ ಹಾಗೆ ಗುಳಿ ಬಿದ್ದಿದ್ದರೆ ಬೋಲ್ಟ್ ಭಾರ ಹೊತ್ತಿದೆ, ಅದು ಅದರ ಕೆಲಸ. ಪೂರ್ತಿ ಒಳಗೆ ಮಡಚಿಕೊಂಡಿದ್ದರೆ ಅದರ ಶಕ್ತಿ ಮುಗಿಯುತ್ತಾ ಬಂದಿದೆ. ಪ್ಲೇಟ್ ಸಡಿಲವಾಗಿ ಅಲ್ಲಾಡುತ್ತಿದ್ದರೆ ಇನ್ನೂ ಕೆಟ್ಟದ್ದು. ಒಂದೋ ಒಳಗೆ ಬೋಲ್ಟ್ ತುಂಡಾಗಿದೆ, ಇಲ್ಲವೇ ಪ್ಲೇಟಿನ ಹಿಂದಿನ ಕಲ್ಲು ಪುಡಿಯಾಗಿ ಉದುರಿದೆ. ಬಾಗಿದ ಪ್ಲೇಟಿನ ಎದುರು ನಿಲ್ಲಬೇಡಿ. ತುಂಡಾದ ಬೋಲ್ಟಿನ ತಲೆ ಗುಂಡಿನ ಹಾಗೆ ಹಾರುತ್ತದೆ.

ಒಂದು ಸಾಲಿನ ಹತ್ತು ಬೋಲ್ಟಿನಲ್ಲಿ ಒಂದು ಕೆಟ್ಟರೆ ಆ ಬೋಲ್ಟಿನದೇ ದೋಷ ಇರಬಹುದು, ತೂತಿಗೆ ತುಂಬುವ ಗಾರೆ, ಅಂದರೆ ಗ್ರೌಟ್, ಸರಿಯಾಗಿ ತುಂಬಿಲ್ಲದಿರಬಹುದು. ಪಕ್ಕಪಕ್ಕದ ಮೂರು ಕೆಟ್ಟರೆ ಬಂಡೆಯದ್ದು.

ಮೆಶ್, ಅಂದರೆ ಗೋಡೆಗೆ ಹಾಕಿದ ತಂತಿ ಬಲೆ, ಹೊಟ್ಟೆ ಬಿಟ್ಟಿದ್ದರೆ ಒಳಗೆ ಬಿದ್ದ ಕಲ್ಲು ತುಂಬಿದೆ. ಅದನ್ನು ಕತ್ತರಿಸಿ ಖಾಲಿ ಮಾಡುವುದು ಗೊತ್ತಿರುವವರ ಕೆಲಸ. ಕೆಳಗೆ ನಿಂತು ಯಾರೂ ಮೆಶ್ ಕತ್ತರಿಸಬೇಡಿ.

ಗಡುಸು ಬೋಲ್ಟ್ ಸಿಡಿಯುವ ಬಂಡೆಯನ್ನು ಹಿಡಿಯುವುದಿಲ್ಲ, ತಾನೂ ತುಂಡಾಗುತ್ತದೆ. ಅಂಥ ಜಾಗಕ್ಕೆ ಹಿಗ್ಗಿ ಶಕ್ತಿ ನುಂಗುವ ಬೋಲ್ಟ್‌ಗಳೇ ಬೇಕು. ಕೋಲಾರದಲ್ಲಿ ಆ ಕಾಲಕ್ಕೆ ಇದ್ದದ್ದು ಬೇರೆ ಉಪಾಯ: ಅದಿರು ತೆಗೆದ ಖಾಲಿ ಜಾಗಗಳಲ್ಲಿ ಕೆತ್ತಿದ ಗ್ರಾನೈಟ್ ಕಲ್ಲಿನ ಗೋಡೆ ಕಟ್ಟುತ್ತಿದ್ದರು, ಆಮೇಲೆ ಕಾಂಕ್ರೀಟ್ ಬಂತು. ಅಷ್ಟು ಆಳದಲ್ಲಿ, ಆ ಸೆಕೆಯಲ್ಲಿ, ಕೈಯಿಂದ ಕಲ್ಲು ಜೋಡಿಸಿದ ಜನ ಅವರು. ನೆನೆದರೆ ಈಗಲೂ ಗೌರವ ಬರುತ್ತದೆ.

"ನೆಲ ಉಬ್ಬಿದೆ, ಗೋಡೆ ಹತ್ತಿರ ಬಂದ ಹಾಗಿದೆ"

ಮೆತ್ತನೆ ಬಂಡೆಯ ಮುಖ್ಯ ಲಕ್ಷಣ ಇದು. ಮೊದಲು ಗೊತ್ತಾಗುವುದು ಹಳಿಯಲ್ಲಿ. ಮಕ್ (ಒಡೆದ ಕಲ್ಲು ಮಣ್ಣು) ಸಾಗಿಸುವ ಗಾಡಿ ಒಂದೇ ಜಾಗದಲ್ಲಿ ಓಲಾಡುತ್ತದೆ. ಚರಂಡಿಯ ನೀರು ಉಲ್ಟಾ ನಿಲ್ಲುತ್ತದೆ. ನಿನ್ನೆ ದಾಟುತ್ತಿದ್ದ ಮಷೀನಿನ ಬೂಮ್ (ಚಾಚುವ ತೋಳು) ಇವತ್ತು ರಿಬ್‌ಗೆ ತಗಲುತ್ತದೆ.

ಇಲ್ಲಿಂದ ಮುಂದೆ ಅಳತೆ ಬೇಕು. ಎರಡೂ ಗೋಡೆಗೆ ಮತ್ತು ಸೂರಿಗೆ ಕೊಕ್ಕೆ ಕೂರಿಸಿ, ಅವುಗಳ ನಡುವೆ ಬಿಗಿದು ಅಳೆಯುವ ಉಕ್ಕಿನ ಟೇಪ್, ಅಂದರೆ ಟೇಪ್ ಎಕ್ಸ್‌ಟೆನ್ಸೋಮೀಟರ್‌ನಿಂದ ದೂರ ಅಳೆಯಿರಿ. ಟೋಟಲ್ ಸ್ಟೇಷನ್ (ದೂರ, ಕೋನ ಅಳೆಯುವ ಸರ್ವೇ ಯಂತ್ರ) ಇದ್ದರೆ ಗುರಿ ಅಂಟಿಸಿ ದೂರದಿಂದಲೇ ನೋಡಬಹುದು, ಅದು ಕ್ಷೇಮ. ಕೊಕ್ಕೆಯನ್ನು ಫೇಸಿಗೆ, ಅಂದರೆ ಈಗ ಕೊರೆಯುತ್ತಿರುವ ತುದಿಗೆ, ಎಷ್ಟು ಹತ್ತಿರ, ಎಷ್ಟು ಬೇಗ ಆಗುತ್ತದೋ ಅಷ್ಟು ಬೇಗ ಹಾಕಿ. ವಾರ ತಡ ಮಾಡಿದರೆ ಬಹುಪಾಲು ಚಲನೆ ನಡೆದು ಹೋಗಿರುತ್ತದೆ, ನಿಮ್ಮ ಪುಸ್ತಕದಲ್ಲಿ ಮಾತ್ರ ಎಲ್ಲ ಚೆನ್ನಾಗಿ ಕಾಣುತ್ತದೆ.

ಒಟ್ಟು ಅಳತೆಗೆ ಒಂದು ಸ್ಥೂಲ ಲೆಕ್ಕ ಇದೆ. ಸುರಂಗದ ಅಗಲದ ನೂರಕ್ಕೆ 1ರೊಳಗೆ ಮುಚ್ಚಿಕೊಂಡರೆ ಸಾಮಾನ್ಯವಾಗಿ ದೊಡ್ಡ ತೊಂದರೆ ಇಲ್ಲ. ಹತ್ತು ಮೀಟರ್ ಅಗಲಕ್ಕೆ ಅದು 100 ಮಿಲಿಮೀಟರ್. 1ರಿಂದ 2.5 ಅಂದರೆ ಹಿಂಡುವುದು ಶುರು. 2.5 ದಾಟಿದರೆ ತೀವ್ರ. 5 ದಾಟಿದರೆ ಅದು ಬೇರೆಯೇ ಡಿಸೈನ್ ಕೇಳುವ ಜಾಗ. ಸ್ವಿಟ್ಜರ್ಲೆಂಡಿನ 57 ಕಿಲೋಮೀಟರ್ ಉದ್ದದ ಗೊಟ್ಹಾರ್ಡ್ ರೈಲು ಸುರಂಗದಲ್ಲಿ, ಸೆಡ್ರುನ್ ಕಡೆಯ ಮೆತ್ತನೆ ಬಂಡೆಯಲ್ಲಿ, ಒತ್ತಡ ಬಂದಾಗ ಒಂದರೊಳಗೆ ಒಂದು ಜಾರುವ ಉಕ್ಕಿನ ಕಮಾನು ಹಾಕಿದರು. ಬಂಡೆಯನ್ನು ತಡೆಯಲಿಲ್ಲ, ಸ್ವಲ್ಪ ಜಾಗ ಕೊಟ್ಟು ಆಮೇಲೆ ಹಿಡಿದರು.

ಆದರೆ ನಾನು ಮೊದಲು ನೋಡುವುದು ವೇಗ. ದಿನಕ್ಕೆ 4, 3, 2, 1.2, 0.8 ಮಿಲಿಮೀಟರ್ ಅಂತ ಇಳಿಯುತ್ತಿದ್ದರೆ, ಫೇಸ್ ಮುಂದೆ ಹೋದ ಹಾಗೆ ಸಮಾಧಾನ ಆಗುತ್ತಿದೆ. ಫೇಸ್ ಸುರಂಗದ ಅಗಲದ ಎರಡು ಮೂರು ಪಟ್ಟು ದೂರ ಹೋಗುವ ಹೊತ್ತಿಗೆ ಗಟ್ಟಿ ಜಾಗವಾದರೆ ಬಹುತೇಕ ನಿಲ್ಲಬೇಕು. ಅದರ ಬದಲು 0.8, 0.8, 1.1, 1.6, 2.5 ಅಂತ ಏರುತ್ತಿದೆ, ಅದೂ ಫೇಸ್ ಕೆಲಸ ನಿಂತಿರುವಾಗ. ಒಟ್ಟು ಸರಿದದ್ದು ಮೊದಲಿನದರಲ್ಲೇ ಜಾಸ್ತಿ ಅಲ್ವಾ? ಆದರೂ ಜನರನ್ನು ಹೊರಗೆ ಕರೆಯಬೇಕಾದದ್ದು ಎರಡನೆಯದಕ್ಕೆ.

ಒಂದು ಸುಲಭ ಉಪಾಯ: 1ನ್ನು ದಿನದ ವೇಗದಿಂದ ಭಾಗಿಸಿ ಗ್ರಾಫ್ ಹಾಕಿ. ಮೇಲಿನ ಕೊನೆಯ ಮೂರಕ್ಕೆ 0.91, 0.63, 0.4 ಬರುತ್ತದೆ. ದಿನಕ್ಕೆ ಸುಮಾರು 0.25ರಷ್ಟು ಇಳಿಯುತ್ತಿದೆ. ಆ ಗೆರೆಯನ್ನು ಮುಂದೆ ಎಳೆದರೆ ಎರಡು ದಿನದೊಳಗೆ ಸೊನ್ನೆ ಮುಟ್ಟುತ್ತದೆ. ಸೊನ್ನೆ ಅಂದರೆ ಕುಸಿತ. ಇದು ಗಡಿಯಾರ ಅಲ್ಲ, ಒಂದು ದಿನ ಮುಂಚೆಯೂ ಆಗಬಹುದು. ನಿಧಾನವಾಗಿ ಹಿಂಡುವ ಬಂಡೆಗೆ ಮಾತ್ರ ಈ ಲೆಕ್ಕ, ಸಿಡಿಯುವ ಬಂಡೆಗೆ ಅಲ್ಲ.

ಫೇಸ್ ಒಂದನ್ನೇ ಕಾಯುತ್ತಾ ಹಿಂದಿನ ದಾರಿ ಮರೆಯಬೇಡಿ. 2023ರ ನವೆಂಬರ್ 12ರಂದು ಉತ್ತರಾಖಂಡದ ಸಿಲ್ಕ್ಯಾರಾದಲ್ಲಿ ಕುಸಿದದ್ದು ಆಗಲೇ ಕೊರೆದು ಮುಂದೆ ಹೋಗಿದ್ದ ಜಾಗ. ಬಾಯಿಗೆ ಹತ್ತಿರದಲ್ಲೇ ಕುಸಿಯಿತು, 41 ಜನ ಆಚೆ ಸಿಕ್ಕಿಕೊಂಡರು, ಹೊರಗೆ ಬಂದದ್ದು 17ನೇ ದಿನ. ಅದು ಒತ್ತಡದ ಸಿಡಿತ ಅಲ್ಲ, ಬಂಡೆ ದುರ್ಬಲ ಇದ್ದ ಜಾಗ. ಆದರೂ ಹಳೆ ಭಾಗದ ಕೊಕ್ಕೆಗಳನ್ನು ವಾರಕ್ಕೊಮ್ಮೆ ಅಳೆಯುವುದನ್ನು ಯಾರಾದರೂ ವೇಸ್ಟ್ ಅಂದರೆ ಇದನ್ನು ನೆನಪಿಸಿ.

"ಡ್ರಿಲ್ ರಾಡ್ ಸಿಕ್ಕಿಕೊಳ್ಳುತ್ತಿದೆ, ಕೋರ್ ಬಿಲ್ಲೆ ಬಿಲ್ಲೆಯಾಗಿ ಬರುತ್ತಿದೆ"

ಡ್ರಿಲ್ ಹಿಡಿದ ಆಪರೇಟರ್‌ಗೆ ಇದು ಎಲ್ಲರಿಗಿಂತ ಮೊದಲು ಗೊತ್ತಾಗುತ್ತದೆ. ಅವರನ್ನು ಕೇಳಿ. ತೂತು ತಾನಾಗಿ ಕಿರಿದಾಗಿ ರಾಡ್ ಹಿಡಿದುಕೊಂಡರೆ ಮುಂದೆ ಹಿಂಡುವ ಬಂಡೆ ಇದೆ. ಗಟ್ಟಿ ಬಂಡೆಯಿಂದ ತೆಗೆದ ಕೋರ್ (ಟೊಳ್ಳು ಡ್ರಿಲ್ಲಿನಿಂದ ತೆಗೆದ ಉದ್ದನೆ ಕಲ್ಲಿನ ಮಾದರಿ) ಬಿಸ್ಕತ್ ಪೊಟ್ಟಣ ಬಿಚ್ಚಿದ ಹಾಗೆ ತೆಳ್ಳಗೆ ದುಂಡು ಬಿಲ್ಲೆಗಳಾಗಿ ಬಂದರೆ ಅಲ್ಲಿ ಒತ್ತಡ ತುಂಬಾ ಇದೆ. ಬಿಲ್ಲೆ ತೆಳುವಾದಷ್ಟೂ ಒತ್ತಡ ಜಾಸ್ತಿ. ಕೋರ್ ಬಾಕ್ಸಿನವರು ಅದನ್ನು ಒಡೆದ ಬಂಡೆ ಅಂತ ಬರೆದು ಬಿಡುವುದುಂಟು. ಒಡೆದ ಬಂಡೆಯಲ್ಲಿ ತುಂಡುಗಳು ಒಂದೊಂದು ಗಾತ್ರ, ಮುಖದಲ್ಲಿ ತುಕ್ಕಿನ ಕಲೆ, ಮಣ್ಣು. ಬಿಲ್ಲೆಯ ಮುಖ ಹೊಸದು, ಶುಭ್ರ, ಸಮ ದಪ್ಪ.

ತೂತಿನಿಂದ ನೀರು ಬಂದರೆ ಎಷ್ಟು ಅಂತ ಬಕೆಟ್ ಇಟ್ಟು ಅಳೆಯಿರಿ, ಬಣ್ಣ ನೋಡಿ. ನೀರು ಬಿರುಕಿನ ಒಳಗಿನಿಂದ ತಳ್ಳುತ್ತದೆ, ಬಂಡೆಗಳ ನಡುವಿನ ಹಿಡಿತ ಸಡಿಲ ಮಾಡುತ್ತದೆ. ಹಿಮಾಚಲದ ಅಟಲ್ ಸುರಂಗ 9 ಕಿಲೋಮೀಟರ್. ಸೇರಿ ನಾಲಾ ಅನ್ನುವ ತೊರೆಯ ಕೆಳಗಿನ ತುಂಡು ಜಾಗ ದಾಟಲು ವರ್ಷಗಟ್ಟಲೆ ಹಿಡಿಯಿತು. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು, ಪಂಪ್ ನಿಂತವು, ನೀರು ತುಂಬಿತು. ಒಳಗೆ ಯಾರೂ ಕೊರೆಯದಿದ್ದರೂ ಮೇಲಿನ ಮನೆಗಳಲ್ಲಿ ಪಾತ್ರೆ ಅದುರುವುದು ಮಾತ್ರ ನಿಲ್ಲಲಿಲ್ಲ.

"ಗೇಜ್ ಏನೇನೋ ತೋರಿಸ್ತಿದೆ"

ಬಂಡೆಯದ್ದಾ, ಯಂತ್ರದ್ದಾ? ಜನರನ್ನು ಮೊದಲು ಹೊರಗೆ ಕಳಿಸಿ, ಆಮೇಲೆ ಯಂತ್ರವನ್ನು ಅನುಮಾನಿಸಿ. ಈ ಕ್ರಮ ತಿರುಗಿಸಬೇಡಿ.

ಮೊದಲು ಬಿಸಿ. ಉಕ್ಕಿನ ಟೇಪ್ ಹತ್ತು ಮೀಟರ್ ಉದ್ದ ಇದ್ದು, ಹತ್ತು ಡಿಗ್ರಿ ಬಿಸಿ ಏರಿದರೆ ಸುಮಾರು 1.1 ಮಿಲಿಮೀಟರ್ ಹಿಗ್ಗುತ್ತದೆ. ಫ್ಯಾನ್ ಕೆಟ್ಟು ಒಳಗೆ ಸೆಕೆ ಏರಿದ ದಿನ ಎಲ್ಲ ಕೊಕ್ಕೆಗಳಲ್ಲೂ ಒಟ್ಟಿಗೆ, ಒಂದೇ ಅಳತೆಯಲ್ಲಿ ಬದಲಾವಣೆ ಕಂಡರೆ ಅದು ಟೇಪ್. ಬಂಡೆ ಎಲ್ಲ ಕಡೆ ಒಂದೇ ಸಮ ಸರಿಯುವುದಿಲ್ಲ. ಟೇಪ್ ಅರ್ಧ ಗಂಟೆ ಅಲ್ಲೇ ಇಟ್ಟು, ಮೂರು ಸಲ ಅಳೆದು, ಬಿಸಿಯನ್ನೂ ಬರೆಯಿರಿ.

ಆಮೇಲೆ ಕೊಕ್ಕೆ. ಯಾರೋ ಕೇಬಲ್ ನೇತು ಹಾಕಿ ಬಗ್ಗಿಸಿರುತ್ತಾರೆ, ಶಾಟ್‌ಕ್ರೀಟ್ ಸಿಡಿದು ಮೆತ್ತಿರುತ್ತದೆ. ಒಂದೇ ಸಲ ಜಿಗಿದು ಆಮೇಲೆ ಅಲುಗದೆ ನಿಂತ ರೀಡಿಂಗ್ ಬಹಳ ಸಲ ಇದೇ.

ತಂತಿ ಮಿಡಿಯುವ ಗೇಜ್‌ಗೆ, ಅಂದರೆ ವೈಬ್ರೇಟಿಂಗ್ ವೈರ್‌ಗೆ, ಮಲ್ಟಿಮೀಟರ್ ಹಿಡಿಯಿರಿ. ಕಾಯಿಲ್ ಸಾಮಾನ್ಯವಾಗಿ 150ರಿಂದ 180 ಓಮ್ ತೋರಿಸುತ್ತದೆ, ನಿಮ್ಮ ಗೇಜಿನ ಹಾಳೆಯಲ್ಲಿ ಸರಿಯಾದ್ದು ಇರುತ್ತದೆ. ಸೊನ್ನೆ ಹತ್ತಿರ ಇದ್ದರೆ ಶಾರ್ಟ್, ಮಿತಿ ಮೀರಿದ್ದರೆ ಕೇಬಲ್ ತುಂಡು. ಕೇಬಲ್ ಸರಿ, ಓಮ್ ಸರಿ, ಆದರೂ ರೀಡಿಂಗ್ ಓಡುತ್ತಿದೆ ಅಂದರೆ ಗೇಜ್ ನಿಜ ಹೇಳುತ್ತಿದೆ ಅಂತಲೇ ತಿಳಿಯಿರಿ. ಕೇಬಲ್ ಹೇಗೆ ತುಂಡಾಯಿತು ಅಂತಲೂ ಕೇಳಿಕೊಳ್ಳಿ. ಗುದ್ದಲಿ ತಗಲಿದ ಗುರುತಿಲ್ಲದೆ ಬೋರ್‌ಹೋಲ್ ಒಳಗೆ ತುಂಡಾಗಿದ್ದರೆ ಬಂಡೆಯೇ ಕತ್ತರಿಸಿದೆ.

"ಜಿಯೋಫೋನ್‌ನಲ್ಲಿ ಎಣಿಕೆ ಏರಿದೆ"

ಕಿವಿ ಕೇಳದ ಸದ್ದನ್ನು ಕೇಳುವ ಸಾಧನ ಇದು. ಎಷ್ಟು, ಎಲ್ಲಿ, ಎಷ್ಟು ದೊಡ್ಡದು, ಮೂರನ್ನೂ ಹೇಳುತ್ತದೆ. ಕೋಲಾರದ ದೊಡ್ಡ ಸಿಡಿತಗಳು 1965ರಲ್ಲಿ ಶುರುವಾದ ಗೌರಿಬಿದನೂರಿನ ಭೂಕಂಪ ಮಾಪನ ಕೇಂದ್ರದಲ್ಲೂ ದಾಖಲಾಗುತ್ತಿದ್ದವು. ಗೊಟ್ಹಾರ್ಡ್‌ನ ಫೈಡೋ ಭಾಗದಲ್ಲಿ 2006ರ ಮಾರ್ಚ್‌ನಲ್ಲಿ ಆದ ಸಿಡಿತ 2.4ರಷ್ಟು ತೀವ್ರತೆಯದ್ದು, ಮೇಲಿನ ಊರಿನವರಿಗೂ ಗೊತ್ತಾಯಿತು.

ಬ್ಲಾಸ್ಟಿಂಗ್ ಆದ ಮೇಲೆ ಎಣಿಕೆ ಜಿಗಿಯುತ್ತದೆ, ಆಮೇಲೆ ಬೇಗ ಬೇಗ ಇಳಿದು, ನಿಧಾನವಾಗಿ ಆ ಜಾಗದ ಮಾಮೂಲು ಮಟ್ಟಕ್ಕೆ ಬರುತ್ತದೆ. ಮಾಮೂಲು ಮಟ್ಟ ಎಷ್ಟು ಅಂತ ಶಾಂತವಾಗಿರುವ ದಿನಗಳಲ್ಲೇ ಬರೆದಿಟ್ಟಿರಬೇಕು. ಅಲ್ಲಿಗೆ ಇಳಿಯುವ ತನಕ ಯಾರೂ ಒಳಗೆ ಹೋಗಬಾರದು, ಗಡಿಯಾರ ಏನೇ ಹೇಳಲಿ. ಇಳಿಯುತ್ತಾ ಇದ್ದದ್ದು ಮತ್ತೆ ಏರಿದರೆ, ಅಥವಾ ಚೆದುರಿದ ಚುಕ್ಕೆಗಳು ನಕ್ಷೆಯಲ್ಲಿ ಒಂದು ಗೆರೆಗೆ, ಒಂದು ಗುಂಪಿಗೆ ಸೇರತೊಡಗಿದರೆ, ನಿಲ್ಲಿಸಿ.

ಇದಕ್ಕಿಂತ ಆಳದ ಓದು, ಅಂದರೆ ಒಂದೇ ಗಾತ್ರದ ಅಲುಗಾಟಕ್ಕೆ ಹೊರಬರುವ ಶಕ್ತಿ ಇಳಿಯುತ್ತಾ, ಸರಿದ ಬಂಡೆಯ ಒಟ್ಟು ಗಾತ್ರ ಕಡಿದಾಗಿ ಏರುತ್ತಾ ಹೋಗುವುದು, ಅದು ಬಂಡೆ ಹಿಡಿತ ಬಿಡುತ್ತಿರುವ ಗುರುತು. ಅದನ್ನು ತಜ್ಞರಿಗೆ ಬಿಡಿ. ಎಷ್ಟೇ ಒಳ್ಳೆಯ ಯಂತ್ರ ಇದ್ದರೂ ಇಂಥ ದಿನ ಇಂಥ ಹೊತ್ತಿಗೆ ಸಿಡಿಯುತ್ತದೆ ಅಂತ ಯಾರೂ ಹೇಳಲಾರರು. ಅಪಾಯ ಏರಿದೆಯೋ ಇಳಿದಿದೆಯೋ ಅಷ್ಟೇ.

ತಜ್ಞರಿಗೆ ಫೋನ್ ಮಾಡುವಾಗ

ನೆಲದೊಳಗಿನ ಒತ್ತಡವನ್ನೇ ಅಳೆಯುವುದು, ಬೋರ್‌ಹೋಲಿನಲ್ಲಿ ನೀರಿನ ಒತ್ತಡ ಹಾಕಿ ಬಂಡೆ ಬಿರಿಸಿ ನೋಡುವುದು, ಇವೆಲ್ಲ ಸೈಟಿನವರ ಕೈಯಲ್ಲಿ ಆಗುವುದಲ್ಲ. 1988ರಲ್ಲಿ ಶುರುವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ ಇಂಥ ಕೆಲಸ ಮಾಡುತ್ತದೆ. ಅದರ ಬೇರು ಇರುವುದು ಕೋಲಾರದ ಗಣಿಯಲ್ಲೇ.

ಯಾರನ್ನೇ ಕರೆದರೂ ಕೈಯಲ್ಲಿ ಇವು ಇರಲಿ: ಚೈನೇಜ್ (ಸುರಂಗದ ಉದ್ದಕ್ಕೆ ಎಷ್ಟನೇ ಮೀಟರ್ ಅನ್ನುವ ಅಳತೆ), ಮೇಲೆ ಎಷ್ಟು ಮೀಟರ್ ಬೆಟ್ಟ ಇದೆ, ಬಂಡೆ ಯಾವುದು, ಕೊನೆಯ ಬ್ಲಾಸ್ಟಿಂಗ್ ಎಷ್ಟು ಹೊತ್ತಿಗೆ, ಕೊನೆಯ ಐದು ದಿನದ ರೀಡಿಂಗ್ ಬಿಸಿಯ ಸಮೇತ, ಚಕ್ಕೆ ಬಿದ್ದ ಜಾಗದ ಚಿತ್ರ, ಸದ್ದಿನ ಎಣಿಕೆ. ಫೋಟೋವನ್ನು ಬೋಲ್ಟ್ ಹಾಕಿದ ಜಾಗದಲ್ಲಿ ನಿಂತೇ ತೆಗೆಯಿರಿ, ಹತ್ತಿರ ಹೋಗಬೇಡಿ, ಜೂಮ್ ಸಾಕು. ಗೋಡೆಯ ಮೇಲೆ ಮೊದಲೇ ಬರೆದ ಚೈನೇಜ್ ಮತ್ತು ಬಿರುಕಿನ ತುದಿಯ ಬಣ್ಣದ ಗೆರೆ ಎರಡೂ ಕಾಣುವ ಹಾಗಿರಲಿ, ಹೊತ್ತನ್ನು ಫೋಟೋ ಜೊತೆಗೆ ಬರೆದು ಕಳಿಸಿ.